ಜೇನು ಕಿತ್ತವನ ಕೈ

ಫೆಬ್ರುವರಿ ೬

ಗುಬ್ಬಿಗೆ,

ಫೋನ್ ಇದ್ದೂ ಅತ್ತಿಗೆ ಕಾಗದ ಬರೆಯುತ್ತಿದ್ದಾಳೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹ್ಞೂಂ ಅನ್ನುತ್ತೇನೆ. ಕಾಗದದಲ್ಲಾದರೆ ನನ್ನ ಮಾತೂ ಮುಗಿಯುತ್ತದೆ. ಅಲ್ಲದೆ ನಮ್ಮ ಮನೆಯ ಗೋಡೆಗಳ ವಿಷಯ ನಿನಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಮಲಗುವ ಕೋಣೆಯಿಂದ ಉತ್ತರ ಬರುತ್ತದೆ. ಹಾಗಾಗಿ ಬಟ್ಟೆ ಸರಿಮಾಡುವ ನಮ್ಮ ಅಂಗಡಿಯಲ್ಲಿ, ಹೊಲಿಗೆ ಮಷೀನಿನ ಹಲಗೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ಉತ್ತರವನ್ನೂ ಅಂಗಡಿಗೇ ಹಾಕು.

ನಿಮ್ಮಣ್ಣನ ಬಲಗಾಲು ಸುಟ್ಟಿದೆ. ಬೇಕರಿಯಲ್ಲಿ ಒಲೆಯಿಂದ ತೆಗೆದ ಬನ್ನಿನ ತಟ್ಟೆ ಜಾರಿ ಪಾದದ ಮೇಲೆ ಬಿತ್ತಂತೆ. ಬಿತ್ತಂತೆ ಅನ್ನುತ್ತಿದ್ದೇನೆ, ಯಾಕೆಂದರೆ ಕಾಲು ಸುಟ್ಟಿದೆ ಅಂತ ಅವರಿಗೇ ಗೊತ್ತಾಗಿದ್ದು ಸಂಜೆ ಮನೆಗೆ ಬಂದು ಕಾಲುಚೀಲ ಎಳೆದಾಗ. ಅದು ಚರ್ಮಕ್ಕೆ ಅಂಟಿಕೊಂಡಿತ್ತು. ನೋವೇ ಇರಲಿಲ್ಲ ಅನ್ನುತ್ತಾರೆ. ನೋವಿದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಕಿರುಬೆರಳಿನ ಬುಡದ ಗಾಯ ಇವತ್ತಿಗೂ ಒಣಗಿಲ್ಲ.

ಆಸ್ಪತ್ರೆಗೆ ಹೋಗೋಣ ಅಂದರೆ ಒಪ್ಪುವುದಿಲ್ಲ. ಕಾರಣ ನಿನಗೆ ಗೊತ್ತು. ಗೊತ್ತಿಲ್ಲ ಅನ್ನಬೇಡ. ದೊಡ್ಡಮ್ಮನ ಹುಟ್ಟುಹಬ್ಬದ ಊಟದಲ್ಲಿ ಅವರು ಕೇಕಿನ ತುಂಡನ್ನು ಪಕ್ಕಕ್ಕೆ ಸರಿಸಿ, ನನಗೆ ಸಕ್ಕರೆ ಜಾಸ್ತಿ, ನಾನು ತಿನ್ನುವುದಿಲ್ಲ ಅಂದಾಗ ನೀನು ನಕ್ಕೆ. "ತಿನ್ನದೇನೇ ಇಷ್ಟೊಂದು ಏರುತ್ತಾ ಅಣ್ಣಾ? ಅದೂ ಬೇಕರಿಯವನಿಗೆ! ಜೇನು ಕಿತ್ತವನು ಕೈ ನೆಕ್ಕದೆ ಇರ್ತಾನಾ?" ಅಂದೆ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಬೇರೆ ಯಾರಾದರೂ ಅಂದಿದ್ದರೆ ನಿಮ್ಮಣ್ಣ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ನೀನು ಅದೇ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವಳು. ನಿನ್ನ ಬಾಯಿಂದ ಬಂದರೆ ಅದು ತಮಾಷೆಯಲ್ಲ, ತೀರ್ಪು.

ಮಾರನೆಯ ದಿನ ಅವರೇ ಒಂದು ಬೀಗ ಕೊಂಡು ತಂದರು. ಸಕ್ಕರೆ, ಜಾಮ್, ಬಿಸ್ಕತ್ತು ಇಡುವ ಕಪಾಟಿಗೆ ಕೊಂಡಿ ಜಡಿದು ಬೀಗ ಹಾಕಿ, ಬೀಗದ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. "ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ" ಅಂದರು. ಆವತ್ತಿನಿಂದ ಅದು ನನ್ನ ಕೊರಳಲ್ಲಿ ನೇತಾಡುತ್ತಿದೆ. ಮನೆಗೆ ಯಾರಾದರೂ ಬಂದರೆ ಚಹಾಕ್ಕೆ ಸಕ್ಕರೆ ತೆಗೆಯಲು ನಾನು ಬೀಗ ತೆಗೆಯಬೇಕು. ಆ ಸದ್ದಿಗೆ ಬಂದವರು ಅಡುಗೆಮನೆಯ ಕಡೆ ನೋಡುತ್ತಾರೆ, ನಿಮ್ಮಣ್ಣ ಕಿಟಕಿಯ ಕಡೆ ನೋಡುತ್ತಾರೆ.

ಅವರಿಗೆ ಒಂದು ಸಾಲು ಬರೆ, ಗುಬ್ಬಿ. ನೀನು ಹೇಳುವುದನ್ನು ನಂಬುತ್ತೇನೆ ಅಣ್ಣಾ, ಆಸ್ಪತ್ರೆಗೆ ಹೋಗು ಅಂತ. ನೀನು ಅಂದರೆ ಹೋಗುತ್ತಾರೆ.

ನಿನ್ನ ಅತ್ತಿಗೆ


ಫೆಬ್ರುವರಿ ೨೪

ಅತ್ತಿಗೆಗೆ,

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಇಲ್ಲಿ ಕೆಲಸ ತಲೆಯ ಮೇಲೆ ಕೂತಿದೆ. ಗಾಯವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ, ಶುದ್ಧವಾದ ಬಟ್ಟೆ ಕಟ್ಟಿ. ಬರಿಗಾಲಲ್ಲಿ ಓಡಾಡಲು ಬಿಡಬೇಡಿ. ಆಸ್ಪತ್ರೆಗಂತೂ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸಕ್ಕರೆ ಬಹಳ ಕಾಲ ಏರಿದ್ದರೆ ಪಾದದ ನರಗಳು ಮಂದವಾಗುತ್ತವೆ, ನೋವಾಗದಿರುವುದು ಅದಕ್ಕೇ.

ಆವತ್ತಿನ ಮಾತು ತಮಾಷೆಗೆ ಅಂದಿದ್ದು. ಅಣ್ಣ ಇಷ್ಟು ವರ್ಷ ನನ್ನನ್ನು ಗುಬ್ಬಿ ಅಂತ ಆಡಿಕೊಂಡಿಲ್ಲವೇ? ನಾನು ಯಾವ ಕಪಾಟಿಗೂ ಬೀಗ ಹಾಕಿಕೊಳ್ಳಲಿಲ್ಲ.

ನನ್ನ ಕೆಲಸ ಏನು ಅಂತ ನೀವು ಹಿಂದೊಮ್ಮೆ ಕೇಳಿದ್ದಿರಿ, ಆಗ ಸರಿಯಾಗಿ ಹೇಳಲಿಲ್ಲ. ನಮ್ಮ ಪ್ರತಿಯೊಂದು ಜೀವಕೋಶದೊಳಗೂ ಒಂದು ದೊಡ್ಡ ಪಾಕಪುಸ್ತಕ ಇದೆ ಅಂದುಕೊಳ್ಳಿ. ಆ ಪುಸ್ತಕವನ್ನು ಒಲೆಯ ಹತ್ತಿರ ತರುವುದಿಲ್ಲ. ಬೇಕಾದ ಪುಟವನ್ನಷ್ಟೇ ಚೀಟಿಯಲ್ಲಿ ನಕಲು ಮಾಡಿ ಕಳಿಸುತ್ತಾರೆ. ಆ ಚೀಟಿಗೆ ಆರ್‌ಎನ್‌ಎ ಅಂತ ಹೆಸರು. ಅದನ್ನು ಓದಿ ಜೀವಕೋಶ ತನಗೆ ಬೇಕಾದ ಪ್ರೋಟೀನ್ ತಯಾರಿಸುತ್ತದೆ. ಆದರೆ ಎಷ್ಟೋ ಚೀಟಿಗಳಲ್ಲಿ ಯಾವ ಪಾಕವೂ ಇರುವುದಿಲ್ಲ. ಹಿಂದಿನವರು ಅವನ್ನು ಕಸ ಅಂದುಕೊಂಡಿದ್ದರು. ಕಸವಲ್ಲ. ಅವುಗಳಲ್ಲಿ ಕೆಲವು ಚಿಕ್ಕ ಚೀಟಿಗಳು ಹೋಗಿ, ಪಾಕವಿರುವ ಚೀಟಿಯ ಮೇಲೆ ಅಂಟಿಕೊಂಡು ಅದನ್ನು ಓದದ ಹಾಗೆ ಮಾಡಿಬಿಡುತ್ತವೆ. ಇನ್ಸುಲಿನ್ ಬಂದು ಬಾಗಿಲು ತಟ್ಟುತ್ತದೆ. ಆ ಸದ್ದು ಕೇಳಿ ಬಾಗಿಲು ತೆಗೆಯಬೇಕಾದ ಪ್ರೋಟೀನೇ ಒಳಗೆ ತಯಾರಾಗಿಲ್ಲದಿದ್ದರೆ ಸಕ್ಕರೆ ರಕ್ತದಲ್ಲೇ ನಿಂತುಬಿಡುತ್ತದೆ. ಅಂಥ ಒಂದು ಚಿಕ್ಕ ಚೀಟಿಯ ಬೆನ್ನು ಹತ್ತಿದ್ದೇವೆ.

ಹಾಗಂತ ಊಟಕ್ಕೂ ಕಾಯಿಲೆಗೂ ಸಂಬಂಧವಿಲ್ಲ ಅಂತ ಅಲ್ಲ. ಅಣ್ಣ ಡಾಕ್ಟರ ಹತ್ತಿರ ನಿಜ ಹೇಳಿದರೆ ಅರ್ಧ ಚಿಕಿತ್ಸೆ ಆದ ಹಾಗೆ.

ಇಲ್ಲಿ ಒಂದು ತಲೆನೋವು ಅಂಟಿಕೊಂಡಿದೆ. ಆರೋಗ್ಯವಂತರ ರಕ್ತದ ಟ್ಯೂಬುಗಳಲ್ಲಿ ಒಂದು ಮಾತ್ರ ರೋಗಿಗಳ ಹಾಗೆ ಆಡುತ್ತಿದೆ, ಆ ಚಿಕ್ಕ ಚೀಟಿ ಅದರಲ್ಲಿ ವಿಪರೀತ. ಸಹಾಯಕಿ ಟ್ಯೂಬು ಅದಲುಬದಲು ಮಾಡಿರಬೇಕು. ಮೊದಲಿನಿಂದ ಮತ್ತೆ ಮಾಡಿ ಅಂತ ಹೇಳಿದ್ದೇನೆ. ಅವರು ಮುಖ ಊದಿಸಿಕೊಂಡಿದ್ದಾರೆ.

ನಿಮ್ಮ ನಾದಿನಿ


ಮಾರ್ಚ್ ೩

ಗುಬ್ಬಿಗೆ,

ನಾನು ಕೇಳಿದ್ದು ಒಂದು ಸಾಲು, ನೀನು ಕಳಿಸಿದ್ದು ಪಾಠ. ಇರಲಿ, ಪಾಠ ಅರ್ಥವಾಯಿತು. ಚೀಟಿಯ ಭಾಗವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. ಯಾರ ಕಾಗದ ಅಂತ ಹೇಳದಿದ್ದರೂ ಗುರುತು ಹಿಡಿದರು. ಮೊದಲು ನಕ್ಕರು. "ತಾನು ಏನೂ ಬೇಯಿಸಲ್ಲ, ಬೇಯಿಸೋರ ಕೆಲಸಾನೂ ಆಗಗೊಡಲ್ಲ. ನಮ್ಮ ಬೇಕರೀಲಿ ಅಂಥವನಿಗೆ ಮೇಲ್ವಿಚಾರಕ ಅಂತಾರೆ" ಅಂದರು. ಅವರು ನಕ್ಕು ಎಷ್ಟು ದಿನವಾಗಿತ್ತೋ, ನನಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವರನ್ನೇ ನೋಡುವಂತಾಯಿತು.

ಆಮೇಲೆ ಕೇಳಿದರು. "ಹಾಗಾದ್ರೆ ತಿನ್ನದೇನೂ ಏರಬಹುದು ಅಂತ ಗುಬ್ಬಿಗೆ ಗೊತ್ತಾ?"

ಗೊತ್ತು ಅಂದೆ.

"ಆವತ್ತೂ ಗೊತ್ತಿತ್ತಾ?"

ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಬರೆದು ಕಳಿಸು.

ಗಾಯ ದೊಡ್ಡದಾಗಿದೆ. ನೀನು ಹೇಳಿದ ಹಾಗೇ ತೊಳೆಯುತ್ತೇನೆ, ಕಟ್ಟುತ್ತೇನೆ. ಅವರು ಅದರ ಮೇಲೆ ಎರಡೆರಡು ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಆಸ್ಪತ್ರೆಯ ಮಾತು ತೆಗೆದರೆ ನನಗೇ ತಿರುಗಿಸಿ ಕೇಳುತ್ತಾರೆ, ಅಲ್ಲಿ ಮೊದಲು ಏನು ಕೇಳುತ್ತಾರೆ ಹೇಳು ಅಂತ. ಏನು ಕೆಲಸ ಅಂತ ಕೇಳುತ್ತಾರೆ. ಬೇಕರಿ ಅಂದ ಕೂಡಲೇ ಪೆನ್ನು ಕೆಳಗಿಟ್ಟು, ಹಾಗೆ ಹೇಳಿ ಮತ್ತೆ ಅನ್ನುವಂತೆ ನೋಡುತ್ತಾರೆ. ಹೋದ ಸಲ ಔಷಧಿ ಕೊಡುವ ಕಿಟಕಿಯಲ್ಲಿ ಇದ್ದವನೂ ಹಾಗೇ ನೋಡಿದನಂತೆ. ಸುಟ್ಟ ಕಾಲಿಗೆ ಇವರಿಗೆ ನೋವಿಲ್ಲ ಗುಬ್ಬಿ, ಆ ನೋಟಕ್ಕೆ ನೋವಿದೆ.

ಅವರ ಪ್ಯಾಂಟುಗಳ ಸೊಂಟವನ್ನು ನಾನೇ ಮತ್ತೆ ಮತ್ತೆ ಹಿಡಿದು ಹೊಲಿಯುತ್ತಿದ್ದೇನೆ. ಕದ್ದು ತಿನ್ನುವವರು ಹೀಗೆ ಇಳಿಯುತ್ತಾರಾ? ನೀನು ಓದಿದವಳು, ಹೇಳು.

ನಿನ್ನ ಅತ್ತಿಗೆ


ಮಾರ್ಚ್ ೨೧

ಗುಬ್ಬಿ,

ನಿನ್ನ ಉತ್ತರವಿಲ್ಲ. ಕಾಲಿನಿಂದ ವಾಸನೆ ಬರುತ್ತಿದೆ. ಅವರಿಗೆ ಗೊತ್ತಾಗಬಾರದು ಅಂತ ನಾನು ಕಿಟಕಿ ತೆಗೆದಿಡುತ್ತೇನೆ, ನನಗೆ ಗೊತ್ತಾಗಬಾರದು ಅಂತ ಅವರು ಕಂಬಳಿ ಎಳೆದುಕೊಳ್ಳುತ್ತಾರೆ. ಇವರು ಕುಂಟುವುದನ್ನು ಬೇಕರಿಯ ಯಜಮಾನರು ನೋಡಿ ಕೇಳಿದ್ದಕ್ಕೆ ಬೂಟು ಕಚ್ಚಿದೆ ಅಂದರಂತೆ.

ನಿನಗೆ ಬಿಡುವಾದಾಗ ಬರೆ.

ಅತ್ತಿಗೆ


ಮಾರ್ಚ್ ೨೯

ಅತ್ತಿಗೆ,

ನಿಮ್ಮ ಎರಡು ಕಾಗದಗಳೂ ಮೇಜಿನ ಮೇಲೆ ಇವೆ. ಮೊದಲನೆಯದಕ್ಕೆ ಉತ್ತರ ಬರೆಯದಿದ್ದುದು ಕೆಲಸ ಇತ್ತು ಅಂತಲ್ಲ. "ಆವತ್ತೂ ಗೊತ್ತಿತ್ತಾ" ಅನ್ನುವ ಸಾಲಿಗೆ ಬಂದು ಪ್ರತಿಸಲವೂ ಮಡಿಸಿ ಇಡುತ್ತಿದ್ದೆ. ಗೊತ್ತಿತ್ತು. ಅದೇ ನನ್ನ ಕೆಲಸ. ಇಡೀ ದಿನ ಸೂಕ್ಷ್ಮ ಚೀಟಿಗಳ ಲೆಕ್ಕ ಹಾಕಿ, ಸಂಜೆ ಊಟದ ಮೇಜಿಗೆ ಬಂದು ಒಂದು ಗಾದೆಯಿಂದ ಅಣ್ಣನ ಕಾಯಿಲೆಯನ್ನು ವಿವರಿಸಿಬಿಟ್ಟೆ.

ಇನ್ನೊಂದು ವಿಷಯ ಇದೆ. ನಿಮಗೆ ಹೇಳದೆ ಬೇರೆ ಯಾರಿಗೂ ಹೇಳಲಾರೆ. ನಿಮಗೆ ಹೇಳುವುದೂ ಕಷ್ಟವಾಗುತ್ತಿದೆ.

ತಕರಾರಿನ ಟ್ಯೂಬಿನ ಬಗ್ಗೆ ಬರೆದಿದ್ದೆನಲ್ಲ. ಸಹಾಯಕಿ ಮೊದಲಿನಿಂದ ಎಲ್ಲ ಮಾಡಿದರು. ಮತ್ತೆ ಅದೇ ಬಂತು. ನನಗೆ ಸಿಟ್ಟು ಬಂತು. ನಮ್ಮ ವಾರದ ಸಭೆಯಲ್ಲಿ ಎಲ್ಲರ ಎದುರು ಎದ್ದು ನಿಂತು, ಈ ಟ್ಯೂಬನ್ನು ಲೆಕ್ಕದಿಂದ ತೆಗೆದುಹಾಕೋಣ ಅಂದೆ. ಇವರು ಆರೋಗ್ಯವಾಗಿದ್ದೇನೆ ಅಂತ ಸುಳ್ಳು ಹೇಳಿ ರಕ್ತ ಕೊಟ್ಟಿದ್ದಾರೆ, ಅಷ್ಟೇ. "ನಂದೇನೂ ಇಲ್ಲ ಅಂತಾರೆ, ಆದ್ರೆ ಜೇನು ಕಿತ್ತವರು ಕೈ ನೆಕ್ಕದೆ ಇರ್ತಾರಾ?" ಅಂದೆ. ಹೌದು ಅತ್ತಿಗೆ, ಅದೇ ಗಾದೆ. ನನ್ನ ಹತ್ತಿರ ಇರುವುದು ಅದೊಂದೇ ಗಾದೆ ಅಂತ ಕಾಣುತ್ತದೆ. ಅಲ್ಲೂ ಎಲ್ಲರೂ ನಕ್ಕರು.

ನಮ್ಮಲ್ಲಿ ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಅಂತ ಗೊತ್ತಿರುವುದು ಒಬ್ಬರಿಗೇ, ಕಚೇರಿಯ ಮೂಲೆಯಲ್ಲಿ ಕೂರುವ ಹಿರಿಯ ಗುಮಾಸ್ತೆಗೆ. ಸಭೆ ಮುಗಿದ ಮೇಲೆ ಅವರು ಕೈತೊಳೆಯುವ ತೊಟ್ಟಿಯ ಹತ್ತಿರ ನನ್ನನ್ನು ನಿಲ್ಲಿಸಿದರು. ನಲ್ಲಿ ಬಿಟ್ಟರು, ಬೇರೆಯವರಿಗೆ ಕೇಳಿಸಬಾರದು ಅಂತ. "ಬೇರೆಯವರದಾಗಿದ್ರೆ ಹೇಳ್ತಿರಲಿಲ್ಲ. ಅದು ನಿಮ್ದೇ" ಅಂದರು.

ನಮ್ಮಲ್ಲಿ ಒಂದು ರೂಢಿ ಇದೆ. ಆರೋಗ್ಯವಂತರ ರಕ್ತ ಸಾಲದೆ ಬಂದಾಗ ನಾವು ನಾವೇ ತೋಳು ಮಡಿಸಿ ಕೊಟ್ಟುಬಿಡುತ್ತೇವೆ. ಹಿಂದಿನ ವರ್ಷ ನಾನೂ ಕೊಟ್ಟು ಮರೆತಿದ್ದೆ. ಆಗ ನನ್ನ ಸಕ್ಕರೆ ಸರಿಯಾಗಿಯೇ ಇತ್ತು. ಸಕ್ಕರೆ ಏರುವುದಕ್ಕೆ ಎಷ್ಟೋ ಮೊದಲೇ ಜೀವಕೋಶ ಕಿವುಡಾಗಿರಬಹುದು ಅಂತ ಊರಿಗೆಲ್ಲ ಹೇಳುವವಳು ನಾನೇ. ನಾನು ಗುಬ್ಬಿಯ ಹಾಗೆ ಇದ್ದೇನೆ, ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತೇನೆ. ನನ್ನ ಮೇಲೆ ಅನುಮಾನ ಬರಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರಂತೆ. ನೋಡಿ, ಇನ್ನೊಂದು ಗಾದೆಯೂ ನೆನಪಾಯಿತು.

ಮೂರು ಬೀದಿ ದಾಟಿ, ನನ್ನ ಗುರುತಿನವರು ಯಾರೂ ಹೋಗದ ಒಂದು ಕ್ಲಿನಿಕ್ಕಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಈಗ ಸಕ್ಕರೆಯೂ ಏರಿದೆ. ಡಾಕ್ಟರು, ಸಿಹಿ ಬಹಳ ಇಷ್ಟವಾ ಅಂತ ಕೇಳಿದರು. ನಾನು ತಿನ್ನುವುದೇ ಇಲ್ಲ ಅಂದೆ. ಅವರು ತುಟಿಯ ಒಂದು ಕೊನೆಯಲ್ಲಿ ಮಾತ್ರ ನಕ್ಕರು. ಆ ನಗು ನನಗೆ ಗುರುತಿತ್ತು. ಒಳಗಿನಿಂದ ಗುರುತಿತ್ತು. ಹೊರಗಿನಿಂದ ಅದು ಹೇಗೆ ಕಾಣುತ್ತದೆ ಅಂತ ಆವತ್ತು ಗೊತ್ತಾಯಿತು.

ಡಾಕ್ಟರು ಕೊಟ್ಟ ಚೀಟಿಯನ್ನು ಕೈಚೀಲದ ತಳದಲ್ಲಿ, ಬಾಚಣಿಗೆಯ ಕೆಳಗೆ ಇಟ್ಟುಕೊಂಡು ಬಂದೆ. ಸಹಾಯಕಿಯ ಮುಖ ನೋಡಲಾಗುತ್ತಿಲ್ಲ. ಮಧ್ಯಾಹ್ನದ ಊಟಕ್ಕೆ ಅವರ ಜೊತೆ ಕೂರುವುದನ್ನು ಬಿಟ್ಟಿದ್ದೇನೆ. ನಾನು ಯಾರಿಗೂ ಹೇಳಿಲ್ಲ. ಎಲ್ಲರೂ ನನ್ನ ಡಬ್ಬಿಯ ಕಡೆ ನೋಡುತ್ತಾರೆ ಅನ್ನಿಸುತ್ತದೆ. ಅಣ್ಣ ಯಾಕೆ ಬೀಗ ತಂದ ಅಂತ ಈಗ ಅರ್ಥವಾಗುತ್ತಿದೆ. ನಾನಾದರೂ ತರುತ್ತಿದ್ದೆ.

ಒಂದು ಟ್ಯೂಬಿನಿಂದ ಯಾವುದೂ ಸಿದ್ಧವಾಗುವುದಿಲ್ಲ. ಆ ಚಿಕ್ಕ ಚೀಟಿ ಅಣ್ಣನಲ್ಲೂ ಇದೆಯೋ ಇಲ್ಲವೋ, ನನ್ನ ಕಾಯಿಲೆಗೂ ಅದೇ ಕಾರಣವೋ ಅಲ್ಲವೋ, ನಾನು ಹೇಳಲಾರೆ. ಆದರೆ ಸಕ್ಕರೆಯ ಅಂಕಿ ನೋಡಿ ಮನುಷ್ಯ ನಿಜ ಹೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ ಅಂತ ತಿಳಿಯುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ.

ನನಗೆ ನಾಚಿಕೆಯಾಗುತ್ತಿದೆ ಅತ್ತಿಗೆ. ಅಣ್ಣನಿಗೆ ಇದನ್ನು ಹೇಗಾದರೂ ನೀವು ಹೇಳಿಬಿಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿಮ್ಮ ನಾದಿನಿ


ಏಪ್ರಿಲ್ ೨

ಗುಬ್ಬಿಗೆ,

ನಿನ್ನ ಕಾಗದ ಓದಿ ಮೊದಲು ಸಂಕಟವಾಯಿತು, ಆಮೇಲೆ ಸಿಟ್ಟು ಬಂತು. ಕಾಯಿಲೆ ಬಂದಿದ್ದಕ್ಕೆ ಸಂಕಟ. ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಕೊನೆಯ ಸಾಲಿಗೆ. "ನೀವು ಹೇಳಿಬಿಡಿ" ಅಂತೀಯಲ್ಲ, ಮಾತಾಡಿದ್ದು ಎಲ್ಲರ ಮುಂದೆ, ಕ್ಷಮೆ ಕೇಳುವುದು ಅತ್ತಿಗೆಯ ಬೆನ್ನ ಹಿಂದೆ ನಿಂತುಕೊಂಡಾ? ನಾನು ನಿನ್ನ ನಾಚಿಕೆಗೆ ಅಂಚೆ ಡಬ್ಬಿಯಲ್ಲ.

ಆದರೆ ನಾನೂ ದೊಡ್ಡ ಮಾತಾಡುವ ಹಾಗಿಲ್ಲ. ನೀನು ಬಿಚ್ಚಿ ಬರೆದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ. ಆ ಊಟದ ಮೇಲೆ ಎಷ್ಟೋ ದಿನ, ಅವರು ಬೇಕರಿಯಿಂದ ಬಂದು ಮಲಗಿದ ಮೇಲೆ, ನಾನು ಅವರ ಅಂಗಿಯ ಜೇಬು ತಿರುವಿ ಪುಡಿ ಇದೆಯಾ ಅಂತ ನೋಡುತ್ತಿದ್ದೆ. ನಿದ್ದೆಯಲ್ಲಿದ್ದಾಗ ಕೈ ಮೂಸಿದ್ದೇನೆ. ಯಾವಾಗಲೂ ಸೋಪಿನ ವಾಸನೆ. ಬೇಕರಿಯಲ್ಲಿ ಇಡೀ ದಿನ ಬೆಣ್ಣೆ, ಸಕ್ಕರೆಯಲ್ಲಿ ಮುಳುಗಿರುವ ಕೈಗೆ ಬರೀ ಸೋಪಿನ ವಾಸನೆ ಹೇಗೆ ಬರುತ್ತದೆ, ಏನೋ ಮುಚ್ಚಿಡುತ್ತಿದ್ದಾರೆ ಅಂತ ಆಗಲೂ ಅನುಮಾನ ಪಟ್ಟೆ. ಒಂದು ದಿನ ಅವರಿಗೆ ಎಚ್ಚರವಾಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹಾಗೇ ಬಿಟ್ಟು, ಮತ್ತೆ ಕಣ್ಣು ಮುಚ್ಚಿದರು.

ನಿನ್ನ ಒಂದು ಮಾತಿಗೆ ಮನೆಯ ಮನುಷ್ಯನನ್ನು ಕಳ್ಳನ ಹಾಗೆ ತಡಕಿದೆ. ತಪ್ಪು ನಿನ್ನದು ಅಂತ ಬೀಗದ ಕೈಯನ್ನು ನಿನ್ನ ಕೊರಳಿಗೆ ಹಾಕಿ ನಾನು ನಿರುಮ್ಮಳವಾಗಲು ನೋಡಿದೆ. ಹಾಕಿಕೊಂಡಿರುವುದು ನನ್ನ ಕೊರಳಲ್ಲೇ.

ಅವರಿಗೆ ಬರೆ. ನೇರವಾಗಿ. ಮನೆಯ ವಿಳಾಸಕ್ಕೆ. ಬೆರಳು ಕಪ್ಪಾಗುತ್ತಿದೆ.

ನಿನ್ನ ಅತ್ತಿಗೆ


ಏಪ್ರಿಲ್ ೫

ಅಣ್ಣಾ,

ನನಗೆ ಸಕ್ಕರೆ ಕಾಯಿಲೆ ಬಂದಿದೆ. ತಿಂದು ಬಂದಿದ್ದಲ್ಲ. ನೀನು ನಂಬುತ್ತೀಯೋ ಇಲ್ಲವೋ, ನಂಬು ಅಂತ ಕೇಳುವ ಮುಖ ನನಗಿಲ್ಲ.

ದೊಡ್ಡಮ್ಮನ ಮನೆಯಲ್ಲಿ ನಿನ್ನ ಬಗ್ಗೆ ನಾನು ಅಂದ ಮಾತು ಸುಳ್ಳು. ಸುಳ್ಳು ಅಂತ ಗೊತ್ತಾಗುವಷ್ಟು ಓದಿದವಳು ನಾನು. ಹಾಗಿದ್ದೂ ಅಂದೆ, ಯಾಕೆಂದರೆ ಎಲ್ಲರೂ ನಗುತ್ತಾರೆ ಅಂತ ಗೊತ್ತಿತ್ತು. ಅದನ್ನು ಆ ಮೇಜಿನ ಸುತ್ತ ಇದ್ದ ಒಬ್ಬೊಬ್ಬರಿಗೂ ಬರೆಯುತ್ತೇನೆ. ಇವತ್ತು ದೊಡ್ಡಮ್ಮನಿಗೆ ಬರೆದು ಹಾಕಿದೆ.

ಈಗ ನನಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಇಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಹದಿನೈದನೇ ತಾರೀಕು ನನ್ನನ್ನು ನೋಡುತ್ತಾರೆ. ಒಬ್ಬಳೇ ಹೋಗಲು ಆಗುತ್ತಿಲ್ಲ. ಒಂದು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಏನು ತಿಂತೀರಿ ಅಂತ ಕೇಳುತ್ತಾರೆ, ನಾನು ಹೇಳಿದ ಮೇಲೆ ನನ್ನನ್ನು ನೋಡುತ್ತಾರೆ. ಆ ನೋಟಕ್ಕೆ ಹೆದರಿಕೆ. ಚಿಕ್ಕವಳಿದ್ದಾಗ ಹಲ್ಲು ಕೀಳಿಸಲು ನೀನು ಕರೆದುಕೊಂಡು ಹೋಗಿದ್ದೆ, ಕುರ್ಚಿಯ ಪಕ್ಕ ನಿಂತು ನನ್ನ ಬದಲು ನೀನೇ ಬಾಯಿ ತೆಗೆದುಕೊಂಡು ನಿಂತಿದ್ದೆ. ಅತ್ತಿಗೆಗೆ ಹೇಳಬೇಡ, ನಗುತ್ತಾರೆ.

ನಿನ್ನ ಕಾಲಿನ ವಿಷಯ ಗೊತ್ತು. ಬಂದರೆ ತೋರಿಸು ಅಂತ ನಾನು ಬಲವಂತ ಮಾಡುವುದಿಲ್ಲ. ನನಗೋಸ್ಕರ ಬಾ.

ಗುಬ್ಬಿ


ಏಪ್ರಿಲ್ ೯

ಗುಬ್ಬಿ,

ಹದಿನಾಲ್ಕಕ್ಕೆ ಸಂಜೆ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರುವುದು ಬೇಡ, ನಿಧಾನ ನಡೆಯುತ್ತೇನೆ.

ಹಲ್ಲಿನ ಕಥೆ ನಿಮ್ಮ ಅತ್ತಿಗೆಗೆ ಮದುವೆಯಾದ ವಾರವೇ ಹೇಳಿದ್ದೇನೆ.

ಅಣ್ಣ


ಏಪ್ರಿಲ್ ೧೬

ಅತ್ತಿಗೆ,

ಅಣ್ಣನನ್ನು ಸೇರಿಸಿಕೊಂಡಿದ್ದಾರೆ ಅಂತ ಫೋನಿನಲ್ಲಿ ಹೇಳಿದೆ. ನಾಳೆ ಬೆಳಿಗ್ಗೆ ನೀವು ಬಸ್ಸಿಳಿದಾಗ ಈ ಕಾಗದ ಕೈಗೆ ಕೊಡುತ್ತೇನೆ. ಎದುರಿಗೆ ನಿಂತು ಹೇಳಲು ನನ್ನಿಂದಾಗುವುದಿಲ್ಲ.

ನಿನ್ನೆ ನಾವಿಬ್ಬರೂ ಆಸ್ಪತ್ರೆಯ ಹಸಿರು ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆವು. ಆ ಊಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರಿನ ಗಡಿಯಾರ ನಿಂತಿದೆ, ಯಾರಾದರೂ ಕೀಲಿ ಕೊಡಬಾರದಾ ಅಂತ ಮಾತ್ರ ಅಂದ. ಅವನ ಕಾಲಿನ ವಾಸನೆಗೆ ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಕಡೆ ಕೂತರು. ಅಣ್ಣ ಪಾದವನ್ನು ಬೆಂಚಿನ ಕೆಳಗೆ ಎಳೆದುಕೊಂಡ. ನಾನು ಅವನ ಹತ್ತಿರಕ್ಕೆ ಸರಿದೆ. ಅದಕ್ಕಿಂತ ಹೆಚ್ಚು ಏನು ಮಾಡಬೇಕು ಅಂತ ತಿಳಿಯಲಿಲ್ಲ.

ಒಳಗೆ ಡಾಕ್ಟರು ನನ್ನ ಅಂಕಿಗಳನ್ನು ನೋಡಿ, ಸಿಹಿ ತಿನ್ನುತ್ತೀರಾ ಅಂತ ಕೇಳಿದರು. ಇಲ್ಲ ಅಂದೆ. "ಸ್ವಲ್ಪಾನೂ ಇಲ್ವಾ?" ಅಂತ ನಕ್ಕರು. ಇಷ್ಟು ವರ್ಷ ಇದೇ ವಿಷಯದ ಮೇಲೆ ಸಭೆಗಳಲ್ಲಿ ಮಾತಾಡಿದವಳಿಗೆ ಒಂದು ಮಾತು ಹೊರಡಲಿಲ್ಲ.

ಹಿಂದೆ ನಿಂತಿದ್ದ ಅಣ್ಣ ಹೇಳಿದ. "ಇಲ್ಲ ಡಾಕ್ಟ್ರೇ, ತಿನ್ನಲ್ಲ. ನನ್ನ ತಂಗಿ ಸುಳ್ಳು ಹೇಳೋಳಲ್ಲ."

ಅಷ್ಟೇ. ದನಿ ಏರಿಸಲಿಲ್ಲ. ನಾನು ಅವನಿಗೆ ಎಲ್ಲರ ಮುಂದೆ ಕೊಡದಿದ್ದ ಆ ಒಂದು ಸಾಲನ್ನು ಅವನು ನನಗೆ ಹಾಗೆ ಸಲೀಸಾಗಿ ಕೊಟ್ಟುಬಿಟ್ಟ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಿರುಗಿ ಅವನ ಮುಖ ನೋಡಲಾಗಲಿಲ್ಲ, ಕಾಲಿನ ಕಡೆ ನೋಡಿದೆ. ಡಾಕ್ಟರೂ ನೋಡಿದರು. ಬೂಟು ಬಿಚ್ಚಿ ಅಂದರು. ಅಣ್ಣ ನನ್ನನ್ನು ಒಮ್ಮೆ ನೋಡಿ ಬಗ್ಗಿ ಬಿಚ್ಚಿದ.

ಇವತ್ತು ಕಿರುಬೆರಳು ತೆಗೆದರು. ಪಾದ ಉಳಿಯುತ್ತದಂತೆ. ಫೆಬ್ರುವರಿಯಲ್ಲೇ ಬಂದಿದ್ದರೆ ಬೆರಳೂ ಉಳಿಯುತ್ತಿತ್ತು ಅಂದರು. ಫೆಬ್ರುವರಿಯಲ್ಲಿ ನಿಮ್ಮ ಮೊದಲ ಕಾಗದ ನನ್ನ ಮೇಜಿನ ಮೇಲೆ ಎಷ್ಟು ದಿನ ಬಿದ್ದಿತ್ತು ಅಂತ ನನಗೆ ಮಾತ್ರ ಗೊತ್ತು. ಅವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನೀವು ಹೇಳಬೇಡಿ, ನಾನೇ ಹೇಳುತ್ತೇನೆ.

ನಾದಿನಿ


ಜೂನ್ ೨೦

ಗುಬ್ಬಿಗೆ,

ಬರೆಯುವುದು ನನಗೆ ಬರುವುದಿಲ್ಲ ಅಂತ ನಿಮ್ಮ ಅತ್ತಿಗೆ ಅನ್ನುತ್ತಿದ್ದಳು. ಈಗ ನಾನು ಬೇಕರಿಯಲ್ಲಿ ಬರೆಯುವುದನ್ನೇ ಮಾಡುತ್ತಿದ್ದೇನೆ. ನಿಂತು ಒಲೆ ನೋಡಿಕೊಳ್ಳುವ ಕೆಲಸ ಬೇಡ ಅಂತ ಯಜಮಾನರು ನನ್ನನ್ನು ಕೇಕಿನ ಮೇಜಿಗೆ ಹಾಕಿದ್ದಾರೆ. ಸ್ಟೂಲಿನ ಮೇಲೆ ಕೂತು ಕೆನೆಯಲ್ಲಿ ಹೆಸರು ಬರೆಯುತ್ತೇನೆ. ಜನರ ಹೆಸರು ಇಷ್ಟು ಉದ್ದ ಇರಬಾರದು.

ಗಾಯ ಕೂಡಿದೆ. ಒಂಬತ್ತು ಬೆರಳಿಗೆ ಒಗ್ಗಿಕೊಂಡಿದ್ದೇನೆ. ಹೊಸ ಔಷಧಿಗೆ ಸಕ್ಕರೆ ಇಳಿದಿದೆ, ಪೂರ್ತಿ ಅಲ್ಲ. ನೀನು ನಿಮ್ಮ ಸಭೆಯಲ್ಲಿ ಎದ್ದು ನಿಂತು ಆ ಟ್ಯೂಬು ನನ್ನದು, ಸಹಾಯಕಿಯದು ತಪ್ಪಿಲ್ಲ ಅಂತ ಹೇಳಿದೆ ಅಂತ ಅತ್ತಿಗೆ ಓದಿ ಹೇಳಿದಳು. ಒಳ್ಳೆಯದಾಯಿತು. ಅವರ ಜೊತೆ ಕೂತು ಊಟ ಮಾಡು.

ಅಡುಗೆಮನೆಯ ಬೀಗವನ್ನು ಬಿಚ್ಚಿದ್ದೇನೆ. ಗಟ್ಟಿ ಬೀಗ, ಬಿಸಾಡಲು ಮನಸ್ಸು ಬರಲಿಲ್ಲ, ಸೈಕಲ್ಲಿಗೆ ಹಾಕಿದೆ. ಬೀಗದ ಕೈ ಮಾತ್ರ ನಿಮ್ಮ ಅತ್ತಿಗೆಯ ಕೊರಳಲ್ಲೇ ಉಳಿದಿದೆ. ಅಭ್ಯಾಸ ಅನ್ನುತ್ತಾಳೆ. ದಿನಾ ಬೆಳಿಗ್ಗೆ ಸೈಕಲ್ ತೆಗೆಯಲು ಅವಳ ಮುಂದೆ ಕೈ ಚಾಚಿ ನಿಲ್ಲುತ್ತೇನೆ. ಅವಳು ಬೀಗದ ಕೈ ಇಡುವ ಮೊದಲು ಅಂಗೈಯನ್ನು ಒಂದು ಕ್ಷಣ ಹಿಡಿದುಕೊಳ್ಳುತ್ತಾಳೆ. ಯಾಕೆ ಅಂತ ನನಗೆ ಗೊತ್ತು. ನಾನು ಕೇಳುವುದಿಲ್ಲ.

ನಿನ್ನ ಹೋದ ಕಾಗದದಲ್ಲಿ ಫೆಬ್ರುವರಿಯ ವಿಷಯ ಬರೆದಿದ್ದೆ. ಬೆರಳು ನಿನ್ನಿಂದ ಹೋಯಿತು ಅಂತ ಬರೆದಿದ್ದೆ. ಅಷ್ಟೊಂದು ಬೇಡ. ಕಾಲು ನನ್ನದು, ಕಾಲುಚೀಲ ಹಾಕಿ ಮುಚ್ಚಿದವನು ನಾನು. ಆ ಊಟದ ದಿನವನ್ನು ಮರೆತಿದ್ದೇನೆ ಅಂತ ಬರೆದರೆ ನಿನಗೆ ಸಮಾಧಾನವಾಗುತ್ತಿತ್ತೇನೋ. ಮರೆತಿಲ್ಲ. ಆ ನಗು ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ.

ಆದರೆ ನೀನು ಆವತ್ತು ಒಂದು ಪ್ರಶ್ನೆ ಕೇಳಿದ್ದೆ. ಯಾರೂ ನನ್ನ ಉತ್ತರಕ್ಕೆ ಕಾಯಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಕಾಯಿಲೆ ಗೊತ್ತಾದ ಮೇಲೆ ನಾನು ಬೇಕರಿಯಲ್ಲಿ ರುಚಿ ನೋಡುವುದನ್ನೂ ಬಿಟ್ಟೆ. ಸಿಹಿ ಸರಿಯಾಗಿದೆಯಾ ಅಂತ ಪಕ್ಕದವನನ್ನು ಕೇಳುತ್ತಿದ್ದೆ. ಸಂಜೆ ಹೊರಡುವ ಮೊದಲು ಹಿತ್ತಲ ತೊಟ್ಟಿಯಲ್ಲಿ ಮೊಣಕೈವರೆಗೆ ಉಜ್ಜುತ್ತಿದ್ದೆ. ಬೆರಳ ಸಂದಿಗಳಲ್ಲಿ ಚರ್ಮ ಬಿರಿದಿದೆ, ಮುಂದಿನ ಸಲ ಬಂದಾಗ ತೋರಿಸುತ್ತೇನೆ.

ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನಾ ಅಂತ ಕೇಳಿದ್ದೆಯಲ್ಲ.

ಇರುತ್ತಾನೆ, ಗುಬ್ಬಿ. ಸೋಪು ಹಾಕಿ ತೊಳೆದುಕೊಂಡು ಮನೆಗೆ ಬರುತ್ತಾನೆ.

ಅಣ್ಣ